ಹಿತ್ತಲ ಕೋಳಿಯ ಮೊಟ್ಟೆ ಮರಿಯಾಗುತ್ತದೋ ಇಲ್ಲವೋ: ಮನೆಯಲ್ಲೇ ನೋಡಿ ತಿಳಿಯುವ ಬಗೆ

ಹೋದ ವರ್ಷ ಯುಗಾದಿ ಮುಗಿದ ವಾರ ನಮ್ಮ ಕಂದು ಹೇಂಟೆ ಕಾವಿಗೆ ಕೂತಿತು. ಮನೆಯಲ್ಲಿದ್ದ ಮೂರೂ ಹೇಂಟೆಗಳ ಮೊಟ್ಟೆ ಸೇರಿಸಿ, ಹಳೆಯ ಮಂಕರಿಗೆ ಹುಲ್ಲು ಹಾಸಿ, 11 ಮೊಟ್ಟೆ ಇಟ್ಟೆವು. 21 ದಿನಕ್ಕೆ ಮೂರು ಮರಿ ಹೊರಬಂದವು. ಉಳಿದ ಎಂಟರ ಮೇಲೆ ಅದು ಇನ್ನೂ ಎರಡು ದಿನ ಕೂತೇ ಇತ್ತು. ಕೊನೆಗೆ ನಾನೇ ಅವನ್ನು ತೆಗೆದು, ನುಗ್ಗೆ ಮರದ ಬುಡದಲ್ಲಿ ಒಂದೊಂದಾಗಿ ಒಡೆದು ನೋಡಿದೆ. ಎರಡರಲ್ಲಿ ಮರಿ ಅರ್ಧ ಬೆಳೆದು ಸತ್ತಿತ್ತು. ಉಳಿದ ಆರರಲ್ಲಿ ಏನೂ ಇರಲಿಲ್ಲ. ನೀರಾದ ಬಿಳಿ, ಸಡಿಲವಾದ ಹಳದಿ, ಅಷ್ಟೇ. ಅವು ಮೊದಲ ದಿನದಿಂದಲೂ ಮರಿಯಾಗುವ ಮೊಟ್ಟೆಗಳೇ ಆಗಿರಲಿಲ್ಲ.

ಆ ಹೇಂಟೆಯನ್ನು ಎತ್ತಿಕೊಂಡರೆ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ದಿನಕ್ಕೊಂದು ಸಲ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಮತ್ತೆ ಓಡಿಹೋಗಿ ಕೂರುತ್ತಿದ್ದ ಜೀವ ಅದು. ಏನೂ ಆಗದ ಆರು ಮೊಟ್ಟೆಗೆ ಮೂರು ವಾರ ಮೈ ಸವೆಸಿತ್ತು. ಒಂದು ವಾರದ ಹೊತ್ತಿಗೇ ಅವನ್ನು ಗುರುತಿಸಿ ತೆಗೆದಿದ್ದರೆ ಅದರ ರೆಕ್ಕೆಯಡಿಯ ಬಿಸಿ ಉಳಿದ ಐದಕ್ಕೆ ಸರಿಯಾಗಿ ಸಿಗುತ್ತಿತ್ತು. ಸತ್ತ ಆ ಎರಡು ಮರಿಗಳೂ ಉಳಿಯುತ್ತಿದ್ದವೇನೋ. ಆಮೇಲೆ ಓದಿ, ಕೇಳಿ, ಮೊಟ್ಟೆ ಒಡೆದು ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಷ್ಟದ ಕೆಲಸ ಏನೂ ಇಲ್ಲ. ಒಂದು ತಟ್ಟೆ, ಒಂದು ಟಾರ್ಚ್, ಒಂದು ಪೆನ್ಸಿಲ್, ಒಂದು ಕ್ಯಾಲೆಂಡರ್ ಸಾಕು.

ಮೊದಲು ಹುಂಜದ ಲೆಕ್ಕ ಹಾಕಿ

ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಾಗಿಲ್ಲ. ಹುಂಜ ಇದ್ದರೂ ಇಲ್ಲದಿದ್ದರೂ ಅದು ತನ್ನ ಪಾಡಿಗೆ ಮೊಟ್ಟೆ ಇಡುತ್ತದೆ. ಆದರೆ ಹುಂಜ ಮೆಟ್ಟದ ಹೇಂಟೆಯ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿ ಆಗುವುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಎಷ್ಟೋ ಜನ ಅಕ್ಕಪಕ್ಕದವರ ನಿದ್ದೆ ಕೆಡಬಾರದು ಎಂದು ಬರೀ ಹೇಂಟೆಗಳನ್ನೇ ಸಾಕುತ್ತಾರೆ. ಅವರ ಮನೆಯ ಮೊಟ್ಟೆಯನ್ನು ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಟ್ರೇಗಟ್ಟಲೆ ಸಿಗುವ ಫಾರಂ ಮೊಟ್ಟೆಯೂ ಹಾಗೇ. ತಿನ್ನುವ ಮೊಟ್ಟೆಗಾಗಿ ಸಾಕುವ ಆ ಕೋಳಿಗಳ ಜೊತೆ ಹುಂಜ ಇರುವುದಿಲ್ಲ.

ಹುಂಜ ಇದ್ದರೆ ಲೆಕ್ಕ ಬದಲಾಗುತ್ತದೆ. ನಾನು ತಪ್ಪಿದ್ದು ಇಲ್ಲೇ. ಮಾಗಡಿ ಕಡೆಯ ನೆಂಟರ ಊರಿಂದ ಹುಂಜ ತಂದದ್ದು ಒಂದು ಭಾನುವಾರ. ಕಾವಿಗೆ ಇಟ್ಟ 11 ಮೊಟ್ಟೆಗಳಲ್ಲಿ ಅರ್ಧದಷ್ಟು ಅದರ ಹಿಂದಿನ ವಾರದವು. ಹುಂಜ ಬರುವ ಮುಂಚೆ ಇಟ್ಟ ಮೊಟ್ಟೆ ಹುಂಜ ಬಂದ ಮೇಲೆ ಮರಿಯಾಗುವ ಮೊಟ್ಟೆ ಆಗುವುದಿಲ್ಲ ಎಂಬುದು ಬರೆದಾಗ ಸುಲಭವಾಗಿ ಕಾಣುತ್ತದೆ. ಆದರೆ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಒಟ್ಟಿಗೆ ಇದ್ದಾಗ ಯಾವುದು ಯಾವ ದಿನದ್ದು ಎಂದು ಯಾರಿಗೆ ನೆನಪಿರುತ್ತದೆ? ಅದಕ್ಕೇ ಪೆನ್ಸಿಲ್. ಮೊಟ್ಟೆ ಎತ್ತಿದ ಕೂಡಲೇ ಅದರ ಮೇಲೆ ತಾರೀಕು ಬರೆಯಿರಿ. ಮಾರ್ಕರ್ ಪೆನ್ನು ಬೇಡ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರ ಇರುತ್ತವೆ, ಶಾಯಿ ಒಳಗೆ ಇಳಿಯಬಹುದು.

ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಹಳದಿ ಅಂಡಾಶಯದಿಂದ ಬಿಡುಗಡೆಯಾದ ಮೊದಲ 15 ನಿಮಿಷದೊಳಗೆ, ಬಿಳಿ ಸುತ್ತಿಕೊಳ್ಳುವ ಮುಂಚೆಯೇ, ಗಂಡಿನ ಬೀಜ ಅದನ್ನು ಸೇರಬೇಕು. ಆಮೇಲೆ ಬಿಳಿ, ಪೊರೆ, ಕೊನೆಗೆ ಚಿಪ್ಪು. ಚಿಪ್ಪು ಕಟ್ಟಲಿಕ್ಕೇ 20 ಗಂಟೆಯ ಹತ್ತಿರ ಹಿಡಿಯುತ್ತದೆ. ಹಾಗಾಗಿ ಹುಂಜ ಇವತ್ತು ಮೆಟ್ಟಿದರೆ ನಾಳಿನ ಮೊಟ್ಟೆಯನ್ನು ನಂಬಬೇಡಿ. ಎಷ್ಟು ಬೇಗ ಎಂದರೂ ಅದರ ಮರುದಿನ. ನನ್ನ ಕೇಳಿದರೆ ಹುಂಜ ಬಂದು ಹತ್ತು ದಿನ ಆಗಲಿ, ಆಮೇಲೆ ಮೊಟ್ಟೆ ಕೂಡಿಡಲು ಶುರು ಮಾಡಿ. ಅಷ್ಟರಲ್ಲಿ ಅದು ಎಲ್ಲ ಹೇಂಟೆಗಳಿಗೂ ಹೊಂದಿಕೊಂಡಿರುತ್ತದೆ.

ಹೇಂಟೆಯ ಮೈಯೊಳಗೆ ಇನ್ನೊಂದು ಅಚ್ಚರಿಯ ಏರ್ಪಾಡು ಇದೆ. ಹುಂಜದ ಬೀಜವನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ಅದು ದಿನಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಒಂದು ಸಲ ಕೂಡಿದ ಮೇಲೆ ಹತ್ತು, ಹನ್ನೆರಡು ದಿನ, ಕೆಲವು ಸಲ ಮೂರು ವಾರದವರೆಗೂ ಮರಿಯಾಗುವ ಮೊಟ್ಟೆ ಬರುತ್ತಿರಬಹುದು. ಪಕ್ಕದ ಮನೆಯವರ ಗಲಾಟೆಗೆ ಹೆದರಿ ಹುಂಜವನ್ನು ಊರಿಗೆ ವಾಪಸು ಕಳಿಸಿದಿರಿ ಅಂದುಕೊಳ್ಳಿ. ಅವತ್ತಿಂದಲೇ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ ಎಂದು ತಿಳಿಯಬೇಡಿ. ನಾಲ್ಕು ವಾರ ಕಳೆಯಲಿ. ಹುಂಜ ಬದಲಿಸಿ ಬೇರೆ ತಳಿಯ ಮರಿ ಬೇಕು ಎನ್ನುವವರೂ ಅಷ್ಟೇ. ಹಳೆಯ ಹುಂಜ ಹೋಗಿ ಮೂರು ವಾರ ಆಗುವ ತನಕ ಹುಟ್ಟುವ ಮರಿಗೆ ಅಪ್ಪ ಯಾರು ಎಂದು ಹೇಳಲಾಗುವುದಿಲ್ಲ.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆ ಸರಿಯಾದ ಲೆಕ್ಕ. ಅದಕ್ಕಿಂತ ಜಾಸ್ತಿ ಇದ್ದರೆ ಕೆಲವು ಹೇಂಟೆಗಳು ಬಿಟ್ಟುಹೋಗುತ್ತವೆ. ಕಡಿಮೆ ಇದ್ದರೂ ಎಲ್ಲವನ್ನೂ ಮೆಟ್ಟುತ್ತದೆ ಎಂಬ ಖಾತ್ರಿ ಇಲ್ಲ. ಹುಂಜಕ್ಕೂ ತನ್ನ ಇಷ್ಟದ ಹೇಂಟೆ ಇರುತ್ತದೆ. ಸಂಜೆ ನಾಲ್ಕರ ಮೇಲೆ ಹಿತ್ತಲಲ್ಲಿ ಸುಮ್ನೆ ಕೂತು ನೋಡಿ. ಹುಂಜ ಜಾಸ್ತಿ ಮೆಟ್ಟುವುದು ಆ ಹೊತ್ತಿನಲ್ಲೇ. ಯಾವ ಹೇಂಟೆಯ ಬೆನ್ನಿನ, ತಲೆಯ ಹಿಂಭಾಗದ ಗರಿ ಉದುರಿದೆಯೋ ಅದು ಹುಂಜಕ್ಕೆ ಸಿಗುತ್ತಿದೆ ಎಂದರ್ಥ. ಅಷ್ಟರಿಂದಲೇ ಅದರ ಮೊಟ್ಟೆಯಲ್ಲಿ ಮರಿ ಆಗುತ್ತದೆ ಎನ್ನಲಾಗದು. ತೀರಾ ಎಳೆಯ ಹುಂಜ, ಮೂರು ವರ್ಷ ದಾಟಿದ ಹುಂಜ, ಹೇನು ಹತ್ತಿ ಸೊರಗಿದ ಹುಂಜ, ಏಪ್ರಿಲ್ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ನಿಂತ ಹುಂಜ, ಇವುಗಳ ಬೀಜದ ಶಕ್ತಿ ಕಡಿಮೆ ಇರುತ್ತದೆ.

ಚಿಪ್ಪು ನೋಡಿ ಹೇಳಲಾಗದು

ಚೂಪು ಮೊಟ್ಟೆ ಹುಂಜ ಆಗುತ್ತದೆ, ದುಂಡು ಮೊಟ್ಟೆ ಹೇಂಟೆ ಆಗುತ್ತದೆ ಎನ್ನುತ್ತಾರೆ. ಭಾರ ಇದ್ದರೆ ಒಳಗೆ ಜೀವ ಇದೆ ಎನ್ನುತ್ತಾರೆ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ತೂಗಿ ನೋಡುವವರೂ ಇದ್ದಾರೆ. ಯಾವುದೂ ನಿಜವಲ್ಲ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ. ಹಳದಿಯ ಬಣ್ಣ ತಿನ್ನುವ ಸೊಪ್ಪು, ಜೋಳದಿಂದ ಬರುತ್ತದೆ. ಮರಿ ಆಗುವುದಕ್ಕೂ ಇವೆರಡಕ್ಕೂ ಸಂಬಂಧ ಇಲ್ಲ.

ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ಮೊಟ್ಟೆ ಎಷ್ಟು ಹಳೆಯದು ಎಂದು ಹೇಳುತ್ತದೆ, ಬೇರೇನನ್ನೂ ಹೇಳುವುದಿಲ್ಲ. ದಿನ ಕಳೆದಂತೆ ಒಳಗಿನ ತೇವ ಆರಿ ಗಾಳಿಯ ಜಾಗ ದೊಡ್ಡದಾಗುತ್ತದೆ, ಮೊಟ್ಟೆ ತೇಲುತ್ತದೆ. ಅಷ್ಟೇ ವಿಷಯ.

ಮೊಟ್ಟೆ ಒಡೆದಾಗ ರಕ್ತದ ಚುಕ್ಕೆ ಕಂಡರೆ ನಮ್ಮಲ್ಲಿ ತುಂಬ ಜನ ಬೆಚ್ಚಿಬೀಳುತ್ತಾರೆ. ಅಯ್ಯೋ, ಮರಿ ಆಗುತ್ತಿತ್ತು ಎಂದು ಚೆಲ್ಲಿಬಿಡುತ್ತಾರೆ. ಹಳದಿ ಬಿಡುಗಡೆಯಾಗುವಾಗ ಒಂದು ಸಣ್ಣ ರಕ್ತನಾಳ ಒಡೆದರೆ ಆ ಚುಕ್ಕೆ ಬರುತ್ತದೆ. ಹುಂಜವನ್ನೇ ಕಾಣದ ಕೋಳಿಯ ಮೊಟ್ಟೆಯಲ್ಲೂ ಅದು ಇರಬಹುದು. ಹಳದಿಯ ಎರಡು ಬದಿ ತಿರುಚಿದ ಬಿಳಿ ದಾರದಂಥದ್ದು ಇರುತ್ತದಲ್ವಾ, ಅದೂ ಮರಿ ಅಲ್ಲ. ಹಳದಿ ಅತ್ತಿತ್ತ ಹೊರಳದ ಹಾಗೆ ನಡುವೆ ಹಿಡಿದಿಡುವ ಹಗ್ಗ ಅದು. ಮೊಟ್ಟೆ ತಾಜಾ ಇದ್ದಷ್ಟೂ ಅದು ದಪ್ಪಗೆ ಕಾಣುತ್ತದೆ.

ಒಡೆದು ನೋಡುವುದು: ಹಳದಿಯ ಮೇಲಿನ ಬಿಳಿ ಚುಕ್ಕೆ

ಕಾವು ಕೊಡುವ ಮುಂಚೆಯೇ ತಿಳಿಯಬೇಕಾದರೆ ಇರುವುದು ಇದೊಂದೇ ದಾರಿ. ಒಡೆದ ಮೊಟ್ಟೆ ಮರಿಯಾಗುವುದಿಲ್ಲ, ನಿಜ. ಆದರೆ ಹೇಗೂ ಬೆಳಗ್ಗೆ ಆಮ್ಲೆಟ್‌ಗೆ ಮೊಟ್ಟೆ ಒಡೆಯುತ್ತೀರಿ. ಒಡೆದಾಗ ಅರ್ಧ ನಿಮಿಷ ನಿಂತು ನೋಡಿದರೆ ಸಾಕು. ನಾಲ್ಕೈದು ದಿನದಲ್ಲಿ ನಿಮ್ಮ ಹಿತ್ತಲಿನ ಸ್ಥಿತಿ ಗೊತ್ತಾಗುತ್ತದೆ.

ಅವತ್ತಿನ ಅಥವಾ ಹಿಂದಿನ ದಿನದ ಮೊಟ್ಟೆ ತೆಗೆದುಕೊಳ್ಳಿ. ಅಗಲವಾದ ತಟ್ಟೆಗೆ ನಿಧಾನವಾಗಿ ಒಡೆಯಿರಿ, ಹಳದಿ ಒಡೆಯಬಾರದು. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಇಟ್ಟುಕೊಳ್ಳಿ. ಟ್ಯೂಬ್‌ಲೈಟ್ ಕೆಳಗೆ ಹಳದಿಯ ಮೇಲೆ ಬೆಳಕು ಹೊಳೆದು ಚುಕ್ಕೆ ಮರೆಯಾಗುತ್ತದೆ. ಮೇಲ್ಭಾಗದಲ್ಲಿ ಒಂದು ಮಾಸಲು ಬಿಳಿ ಚುಕ್ಕೆ ಇರುತ್ತದೆ. ಕಾಣದಿದ್ದರೆ ಅದು ಕೆಳಗೆ ಹೋಗಿದೆ ಎಂದರ್ಥ. ಚಮಚದ ಹಿಂಬದಿಯಿಂದ ಹಳದಿಯನ್ನು ಮೆಲ್ಲಗೆ ಹೊರಳಿಸಿ. ಈ ಚುಕ್ಕೆ ಎಲ್ಲ ಮೊಟ್ಟೆಯಲ್ಲೂ ಇರುತ್ತದೆ, ಮರಿಯಾಗದ ಮೊಟ್ಟೆಯಲ್ಲೂ ಇರುತ್ತದೆ. ಆದ್ದರಿಂದ ಚುಕ್ಕೆ ಇದೆಯೋ ಇಲ್ಲವೋ ಎಂದು ನೋಡಿ ಪ್ರಯೋಜನ ಇಲ್ಲ. ಹೇಗಿದೆ ಎಂದು ನೋಡಬೇಕು.

ಮರಿಯಾಗದ ಮೊಟ್ಟೆಯ ಚುಕ್ಕೆ ಚಿಕ್ಕದು, ಸುಮಾರು ಸಾಸಿವೆ ಕಾಳಿನಷ್ಟು. ಗಟ್ಟಿ ಬಿಳಿ, ತುಂಬಿಕೊಂಡಿರುತ್ತದೆ. ಅಂಚು ಹರಿದ ಹಾಗೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ತಟ್ಟೆಗೆ ಚಿಮ್ಮಿದ ಮಜ್ಜಿಗೆಯ ಹನಿ ಒಣಗಿದರೆ ಹೇಗಿರುತ್ತದೋ ಹಾಗೆ.

ಮರಿಯಾಗುವ ಮೊಟ್ಟೆಯ ಚುಕ್ಕೆ ಅಗಲ, 4ರಿಂದ 5 ಮಿಲಿಮೀಟರ್, ಹೆಚ್ಚು ಕಡಿಮೆ ಒಂದು ತೊಗರಿ ಬೇಳೆಯಷ್ಟು. ಅಂಚು ದುಂಡಗೆ, ಒಂದೇ ಸಮ. ಮುಖ್ಯವಾದದ್ದು ನಡುವಿನ ಭಾಗ. ಸುತ್ತ ಬಿಳಿ ಬಳೆ, ಒಳಗೆ ಹಳದಿ ತುಸು ಕಾಣುವಷ್ಟು ತಿಳಿಯಾದ ಜಾಗ. ಉದ್ದಿನ ವಡೆಯನ್ನು ಮೇಲಿನಿಂದ ನೋಡಿದರೆ ಹೇಗೆ ನಡುವೆ ತೂತು, ಸುತ್ತ ದುಂಡು ಇರುತ್ತದೋ ಅದನ್ನೇ ತೊಗರಿ ಬೇಳೆ ಗಾತ್ರಕ್ಕೆ ಇಳಿಸಿದ ಹಾಗೆ. ಮೊದಲ ಸಲ ನಾನು ಇದನ್ನು ಮಗನ ಭೂತಗನ್ನಡಿ ಹಿಡಿದು ನೋಡಿದೆ. ಆ ಬಳೆ ಕಂಡಾಗ ತಟ್ಟೆಯನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಮೊಟ್ಟೆ ಹೊರಗೆ ಬೀಳುವ ಹೊತ್ತಿಗೇ ಆ ಬಳೆಯಲ್ಲಿ ಹತ್ತಾರು ಸಾವಿರ ಜೀವಕೋಶಗಳು ಆಗಿಹೋಗಿರುತ್ತವೆ. ಹೇಂಟೆಯ ಮೈ ಬಿಸಿಯಲ್ಲಿ ಒಂದು ದಿನ ಬೆಳೆದು, ಹೊರಗಿನ ತಂಪು ತಾಕಿದ ಕೂಡಲೇ ನಿಂತು, ಮುಂದಿನ ಕಾವಿಗೆ ಕಾಯುತ್ತಿರುತ್ತದೆ.

ಒಂದೇ ಮೊಟ್ಟೆ ಒಡೆದು ತೀರ್ಮಾನ ಮಾಡಬೇಡಿ, ಕಣ್ಣು ಪಳಗಲು ಸಮಯ ಬೇಕು. ಒಳ್ಳೆಯ ಉಪಾಯ ಒಂದಿದೆ. ಅಂಗಡಿಯಿಂದ ಒಂದು ಫಾರಂ ಮೊಟ್ಟೆ ತಂದು ಪಕ್ಕದ ತಟ್ಟೆಗೆ ಒಡೆಯಿರಿ. ಅದು ಖಂಡಿತ ಮರಿಯಾಗದ ಮೊಟ್ಟೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಹಳೆಯ ಮೊಟ್ಟೆಯಲ್ಲಿ, ಫ್ರಿಜ್‌ನಲ್ಲಿ ಎರಡು ಮೂರು ವಾರ ಇದ್ದ ಮೊಟ್ಟೆಯಲ್ಲಿ ಚುಕ್ಕೆ ಮಸುಕಾಗಿರುತ್ತದೆ, ಅದರಿಂದ ಕಲಿಯಲು ಹೋಗಬೇಡಿ.

ಯಾವ ಹೇಂಟೆಯ ಮೊಟ್ಟೆ ಎಂದು ಗುರುತಿಸಲು ಬಂದರೆ ಇನ್ನೂ ಒಳ್ಳೆಯದು. ಸಣ್ಣ ಹಿಂಡಿನಲ್ಲಿ ಇದು ಕಷ್ಟವಲ್ಲ. ನಮ್ಮ ಮನೆಯಲ್ಲಿ ಕಂದು ಹೇಂಟೆಯದು ಉದ್ದ, ಕರಿಯದು ದುಂಡು, ಚುಕ್ಕೆ ಹೇಂಟೆಯ ಚಿಪ್ಪಿನ ಮೇಲೆ ಸಣ್ಣ ಮಚ್ಚೆ. ಒಂದೊಂದರದ್ದೂ ಎರಡು ಮೂರು ಮೊಟ್ಟೆ ಒಡೆದು ನೋಡಿದಾಗ ಕರಿ ಹೇಂಟೆಯದು ಒಂದೂ ಬಳೆ ತೋರಿಸಲಿಲ್ಲ. ಹುಂಜ ಅದರ ಹತ್ತಿರ ಬಂದರೆ ಗೂಡಿನ ಮೇಲೆ ಹಾರಿ ಕೂರುತ್ತಿತ್ತು. ಅಂಥ ಹೇಂಟೆಯ ಮೊಟ್ಟೆಯನ್ನು ಅಡುಗೆಮನೆಗೆ ಕಳಿಸಿ, ಉಳಿದವುಗಳದ್ದನ್ನು ಕಾವಿಗೆ ಇಡಿ.

ಹತ್ತು ಒಡೆದದ್ದರಲ್ಲಿ ಎಂಟು ಒಂಬತ್ತರಲ್ಲಿ ಬಳೆ ಕಂಡರೆ ಹುಂಜ ಚೆನ್ನಾಗಿದೆ. ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಂದು ವಾರ ಕಾಯಿರಿ, ಇಲ್ಲವೇ ಹುಂಜ ಬದಲಿಸಿ.

ತಿನ್ನುವವರ ಮನಸ್ಸಿಗೆ ಬರುವ ಪ್ರಶ್ನೆ

ಮೊಟ್ಟೆ ತಿನ್ನುವ ಮನೆಗಳಲ್ಲೂ ಬಳೆ ಕಂಡ ಮೊಟ್ಟೆ ತಿನ್ನಬಹುದೇ ಎಂದು ಅಳುಕು ಇರುತ್ತದೆ. ರುಚಿಯಲ್ಲಿ, ಪೌಷ್ಟಿಕತೆಯಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಕಾವು ಸಿಗದೆ ಆ ಚುಕ್ಕೆ ಮರಿಯ ರೂಪ ತಾಳುವುದಿಲ್ಲ. ಫ್ರಿಜ್‌ನ ತಂಪಿನಲ್ಲಿ ಅದು ಮುಂದೆ ಬೆಳೆಯುವುದೇ ಇಲ್ಲ. ಆದರೆ ಮನಸ್ಸಿಗೆ ಒಪ್ಪದಿದ್ದರೆ ಅದೂ ಸರಿಯೇ. ನಮ್ಮ ಅತ್ತೆ ಹುಂಜ ಇರುವಷ್ಟು ದಿನ ಮನೆ ಮೊಟ್ಟೆ ಮುಟ್ಟುವುದಿಲ್ಲ. ಹಾಗೆ ಯೋಚಿಸುವವರು ಹುಂಜ ಇಲ್ಲದೆ ಹೇಂಟೆ ಸಾಕುವುದೇ ನೆಮ್ಮದಿ.

ಬೇಸಿಗೆಯಲ್ಲಿ ಮಾತ್ರ ಒಂದು ಎಚ್ಚರ ಬೇಕು. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 34, 35 ಡಿಗ್ರಿ ಮುಟ್ಟುತ್ತದೆ. ಶೀಟಿನ ಕೋಳಿಗೂಡಿನೊಳಗೆ ಇನ್ನೂ ಜಾಸ್ತಿ. ಅಂಥ ಜಾಗದಲ್ಲಿ ಎರಡು ಮೂರು ದಿನ ಬಿದ್ದಿದ್ದ ಮೊಟ್ಟೆ ಅರೆಬರೆ ಬೆಳೆಯಲು ಶುರು ಮಾಡುತ್ತದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೊಟ್ಟೆ ಎತ್ತಿಬಿಡಿ. ಕಾವಿಗೆ ಕೂತ ಹೇಂಟೆಯ ಕೆಳಗೆ ಸಿಕ್ಕ, ತಾರೀಕು ಇಲ್ಲದ ಮೊಟ್ಟೆಯನ್ನು ತಿನ್ನಲು ಬಳಸಬೇಡಿ.

ಕಾವಿಗೆ ಇಡುವ ಮೊಟ್ಟೆ ಕೂಡಿಡುವುದು

ಎಷ್ಟೋ ಸಲ ಮರಿಯಾಗಬೇಕಿದ್ದ ಮೊಟ್ಟೆ ನಾವು ಕೂಡಿಡುವ ರೀತಿಯಿಂದ ಕೆಡುತ್ತದೆ, ನಾವು ಹುಂಜವನ್ನು ದೂರುತ್ತೇವೆ. 15ರಿಂದ 18 ಡಿಗ್ರಿ ತಂಪು ಇದ್ದರೆ ಒಂದು ವಾರ ಇಡಬಹುದು. ನಮ್ಮೂರಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಬಿಟ್ಟರೆ ಮನೆಯೊಳಗೆ ಅಷ್ಟು ತಂಪು ಎಲ್ಲಿ ಬರಬೇಕು? ಆದ್ದರಿಂದ ಬೇಸಿಗೆಯಲ್ಲಿ ನಾಲ್ಕೈದು ದಿನದ ಮೊಟ್ಟೆಯನ್ನು ಮಾತ್ರ ಇಡಿ. ನೆಲದ ಮೇಲೆ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಮರಳು ಹಾಕಿ, ಸುತ್ತ ನೀರು ಚಿಮುಕಿಸಿ, ಅದರೊಳಗೆ ಒಣ ಬಟ್ಟೆಯ ಮೇಲೆ ಮೊಟ್ಟೆ ಇಟ್ಟರೆ ತಕ್ಕಮಟ್ಟಿಗೆ ತಂಪಾಗಿರುತ್ತದೆ. ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ. ಕಾವಿಗೆ ಇಡುವ ಮೊಟ್ಟೆಯನ್ನು ತೊಳೆಯಬೇಡಿ. ಫ್ರಿಜ್‌ನಲ್ಲಿ ಇಟ್ಟ ಮೊಟ್ಟೆಯಿಂದ ಮರಿ ಆಗುವ ಸಾಧ್ಯತೆ ತುಂಬ ಕಡಿಮೆಯಾಗುತ್ತದೆ.

ಸಂತೆಯಲ್ಲಿ, ಮಾರ್ಕೆಟ್‌ನಲ್ಲಿ ಕೊಂಡ ನಾಟಿ ಮೊಟ್ಟೆ ಕಾವಿಗೆ ಇಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಹುಂಜ ಇದ್ದ ಹಿಂಡಿನದ್ದೇ ಆಗಿರಬಹುದು. ಆದರೆ ಎಷ್ಟು ದಿನದ್ದು, ಎಷ್ಟು ಬಿಸಿಲು ಕಂಡಿದೆ, ಬಸ್ಸಿನಲ್ಲಿ ಎಷ್ಟು ಕುಲುಕಿದೆ ಎಂದು ತಿಳಿಯುವುದಿಲ್ಲ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ಸಾಕಿದವರು ಇಲ್ಲಿ ಒಂದು ಮಾತು ತಿಳಿದಿರಬೇಕು. ಹುಂಜ ಜೊತೆಗಿದ್ದರೆ ಅವುಗಳ ಮೊಟ್ಟೆಯಲ್ಲೂ ಮರಿ ಆಗುತ್ತದೆ. ಆದರೆ ಅವು ಮಿಶ್ರ ತಳಿ. ಮರಿಗಳು ಅಪ್ಪ ಅಮ್ಮನ ಹಾಗೆ ಬೆಳೆಯುವುದಿಲ್ಲ, ಅಷ್ಟು ಮೊಟ್ಟೆಯನ್ನೂ ಇಡುವುದಿಲ್ಲ. ಅವು ಸಾಮಾನ್ಯವಾಗಿ ಕಾವಿಗೂ ಕೂರುವುದಿಲ್ಲ. ಅದೇ ತಳಿ ಬೇಕಾದರೆ ಹೊಸ ಮರಿ ಕೊಳ್ಳುವುದೇ ಸರಿ. ಕೋಳಿ ಸಾಕಣೆಯನ್ನು ಕ್ರಮವಾಗಿ ಕಲಿಯುವ ಆಸೆ ಇದ್ದವರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ತರಬೇತಿ ಸಂಸ್ಥೆ ಇದೆ.

ಏಳನೇ ರಾತ್ರಿ, ಟಾರ್ಚ್ ಬೆಳಕಿನಲ್ಲಿ

ಒಡೆಯದೆ ತಿಳಿಯುವ ದಾರಿ ಇದು. ಆದರೆ ಮೊಟ್ಟೆಗೆ ಕೆಲವು ದಿನ ಕಾವು ಸಿಕ್ಕಿರಬೇಕು. ಅವತ್ತೇ ಇಟ್ಟ ಮೊಟ್ಟೆಯನ್ನು ಎಂಥ ಬೆಳಕಿಗೆ ಹಿಡಿದರೂ ಒಳಗಿನ ವಿಷಯ ತಿಳಿಯುವುದಿಲ್ಲ. ಬಿಳಿ ಚಿಪ್ಪಾದರೆ ನಾಲ್ಕೈದನೇ ದಿನಕ್ಕೇ ಕಾಣಲು ಶುರುವಾಗುತ್ತದೆ. ನಾಟಿ ಕೋಳಿಯ ಕಂದು ಚಿಪ್ಪಿಗೆ ಏಳು, ಎಂಟು ದಿನ ಬೇಕು. ಎಲ್ಲ ಮೊಟ್ಟೆಯನ್ನೂ ಒಂದೇ ದಿನ ಹೇಂಟೆಯ ಕೆಳಗೆ ಇಟ್ಟು, ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಸುತ್ತು ಹಾಕಿ, ಏಳನೇ ದಿನಕ್ಕೆ ಇನ್ನೊಂದು ಸುತ್ತು ಹಾಕಿ.

ಕೆಲಸ ರಾತ್ರಿ ಮಾಡಿ. ಹೇಂಟೆ ಶಾಂತವಾಗಿರುತ್ತದೆ, ಕತ್ತಲೂ ಸಿಗುತ್ತದೆ. ಕೈ ತೊಳೆದು ಒರೆಸಿಕೊಳ್ಳಿ. ಎಸ್.ಪಿ. ರಸ್ತೆಯಲ್ಲಿ ಸಿಗುವಂಥ ಸಣ್ಣ ಎಲ್‌ಇಡಿ ಟಾರ್ಚ್ ಆದರೆ ಚೆನ್ನ, ಮೊಬೈಲ್ ಬೆಳಕೂ ನಡೆಯುತ್ತದೆ. ರಟ್ಟಿನ ತುಂಡಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ ಬೆಳಕಿನ ಮೇಲೆ ಇಡಿ. ಬೆಳಕು ಪಕ್ಕಕ್ಕೆ ಸೋರಬಾರದು. ಹೇಂಟೆಯ ಕೆಳಗೆ ಕೈ ತೂರಿಸಿ ಒಂದೇ ಮೊಟ್ಟೆ ತೆಗೆಯಿರಿ, ದಪ್ಪ ತುದಿಯನ್ನು ಆ ತೂತಿಗೆ ಒತ್ತಿ ಹಿಡಿಯಿರಿ, ಮೆಲ್ಲಗೆ ತಿರುಗಿಸಿ. ನೋಡಿದ್ದನ್ನು ವಾಪಸು ಇಟ್ಟು ಇನ್ನೊಂದು ತೆಗೆಯಿರಿ. ನೋಡಿದ್ದಕ್ಕೆ ಪೆನ್ಸಿಲ್ ಗೀಟು ಹಾಕಿದರೆ ಗೊಂದಲ ಇರುವುದಿಲ್ಲ. ಹೇಂಟೆ ತಾನೇ ದಿನಕ್ಕೆ 15, 20 ನಿಮಿಷ ಎದ್ದು ಹೋಗುತ್ತದೆ. ಹಾಗಾಗಿ ಅಷ್ಟು ಹೊತ್ತಿನ ತಂಪಿಗೆ ಹೆದರಬೇಕಿಲ್ಲ. ಚಳಿಗಾಲದ ರಾತ್ರಿಯಾದರೆ ಬೇಗ ಮುಗಿಸಿ.

ಜೀವ ಇರುವ ಮೊಟ್ಟೆ ಬೆಳಕಿನಲ್ಲಿ ಕೆಂಪಗೆ ಬೆಳಗುತ್ತದೆ. ದಪ್ಪ ತುದಿಯ ಹತ್ತಿರ ಗಾಳಿಯ ಜಾಗ, ಅದರ ಅಂಚಿನಿಂದ ಕೆಳಗೆ ಅರಳಿ ಎಲೆಯ ನರದ ಹಾಗೆ ಕವಲೊಡೆದ ರಕ್ತನಾಳಗಳು. ಅವೆಲ್ಲ ಸೇರುವ ಕಡೆ ಒಂದು ಕಪ್ಪು ಚುಕ್ಕೆ, ಜೇಡದ ಮೈ ಮತ್ತು ಕಾಲು ಎಂದುಕೊಳ್ಳಿ. ಉಸಿರು ಬಿಗಿಹಿಡಿದು ಸ್ವಲ್ಪ ಹೊತ್ತು ನೋಡಿದರೆ ಆ ಚುಕ್ಕೆ ಅಲುಗುತ್ತದೆ. ನೀರಿನಲ್ಲಿ ತೇಲುವವರು ಹೊರಳಿದ ಹಾಗೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎರಡನೇ ಸಲ ಕಾವಿಗೆ ಇಟ್ಟಾಗ ನಾನು ನೋಡಿದ ಮೊದಲ ಮೊಟ್ಟೆಯಲ್ಲೇ ಇದು ಕಂಡಿತು. ಪಕ್ಕದಲ್ಲಿ ನಿಂತಿದ್ದ ಮಗ ಪಿಸುಗುಟ್ಟಿದ, ಅಮ್ಮಾ, ಅದು ನಮ್ಮನ್ನ ನೋಡ್ತಿದೆ. ನಾವು ನೋಡಿದ ಆ ಕಪ್ಪು ಚುಕ್ಕೆ ನಿಜಕ್ಕೂ ಮರಿಯ ಕಣ್ಣು. ಆ ಹಂತದಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣುವುದು ಅದೇ.

ಖಾಲಿ ಮೊಟ್ಟೆ ದೀಪಾವಳಿಯ ಆಕಾಶಬುಟ್ಟಿಯ ಹಾಗೆ ಒಂದೇ ಸಮ ಹಳದಿಯಾಗಿ ಬೆಳಗುತ್ತದೆ. ನಾಳ ಇಲ್ಲ, ಕಪ್ಪು ಚುಕ್ಕೆ ಇಲ್ಲ. ತಿರುಗಿಸಿದಾಗ ಹಳದಿಯ ನೆರಳು ಮೆಲ್ಲಗೆ ತೇಲುತ್ತದೆ, ಅಷ್ಟೇ.

ಮೂರನೆಯ ಬಗೆಯೂ ಒಂದಿದೆ. ಒಳಗೆ ಒಂದು ಕೆಂಪು ಉಂಗುರ ಮಾತ್ರ ಕಾಣುತ್ತದೆ, ಕವಲು ನಾಳ ಇರುವುದಿಲ್ಲ. ಮರಿ ಬೆಳೆಯಲು ಶುರು ಮಾಡಿ ಮೊದಲ ದಿನಗಳಲ್ಲೇ ಸತ್ತಿದೆ, ರಕ್ತ ಹಿಂದೆ ಸರಿದು ಉಂಗುರವಾಗಿದೆ. ಇದು ಮರಿಯಾಗುವ ಮೊಟ್ಟೆಯೇ ಆಗಿತ್ತು, ಹಾಗಾಗಿ ಹುಂಜದ ತಪ್ಪಲ್ಲ. ಕಾವು ತಪ್ಪಿರಬಹುದು, ಕೂಡಿಟ್ಟದ್ದು ಜಾಸ್ತಿ ದಿನ ಆಗಿರಬಹುದು.

ಅನುಮಾನ ಬಂದ ಮೊಟ್ಟೆಯನ್ನು ಎಸೆಯಬೇಡಿ. ಪ್ರಶ್ನೆ ಚಿಹ್ನೆ ಬರೆದು ಮತ್ತೆ ಇಡಿ, ಹತ್ತನೇ ದಿನ ಇನ್ನೊಮ್ಮೆ ನೋಡಿ. ಕಂದು ಚಿಪ್ಪಿನ ದಪ್ಪ ಮೊಟ್ಟೆಯಲ್ಲಿ ನಾನು ಏಳನೇ ದಿನ ಏನೂ ಕಾಣದೆ, ಹತ್ತನೇ ದಿನ ಅರ್ಧ ಮೊಟ್ಟೆ ಕಪ್ಪಾಗಿದ್ದನ್ನು ಕಂಡಿದ್ದೇನೆ. ಪೆಟ್ಟಿಗೆ ಇನ್‌ಕ್ಯುಬೇಟರ್ ಬಳಸುವವರಿಗೂ ಇದೇ ಪರೀಕ್ಷೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಕಾಯಬೇಕು, 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ಮೊಟ್ಟೆ ಹೊರಳಿಸಬೇಕು. ಕರೆಂಟು ಹೋದಾಗ ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ, ಗಾಳಿಯ ತೂತು ಮಾತ್ರ ಮುಚ್ಚಬೇಡಿ.

ಖಾಲಿ ಎಂದು ತೆಗೆದದ್ದನ್ನು ಒಡೆದು ನೋಡಿ

ಈ ಹೆಜ್ಜೆಯನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಬೆಳಕಿನಲ್ಲಿ ಖಾಲಿ ಕಂಡ ಮೊಟ್ಟೆ ಎರಡು ಕಾರಣಕ್ಕೆ ಹಾಗಿರಬಹುದು. ಒಂದು, ಹುಂಜದ ಬೀಜ ಸೇರಿಯೇ ಇಲ್ಲ. ಇನ್ನೊಂದು, ಬೀಜ ಸೇರಿ, ಒಂದೆರಡು ದಿನದಲ್ಲೇ ಸತ್ತಿದೆ. ಹೊರಗೆ ಮಣ್ಣಿನ ಮೇಲೆ ಹಳೆಯ ತಟ್ಟೆಯಲ್ಲಿ ಒಡೆಯಿರಿ. ಏಳು ದಿನ ಕಾವು ಕೊಟ್ಟ ಮೇಲೂ ಅದೇ ಸಾಸಿವೆಯಷ್ಟು ಗಟ್ಟಿ ಬಿಳಿ ಚುಕ್ಕೆ ಇದ್ದರೆ ಬೀಜ ಸೇರಿಲ್ಲ, ಹುಂಜದ ಕಡೆ ಗಮನ ಕೊಡಿ. ಚುಕ್ಕೆ ಅಗಲವಾಗಿ ಹರಡಿ, ನೊರೆಯ ಹಾಗೆ ಬಿಳಿ ಪೊರೆ ಆಗಿದ್ದರೆ ಬೆಳವಣಿಗೆ ಶುರುವಾಗಿ ನಿಂತಿದೆ. ಆಗ ಮೊಟ್ಟೆ ಕೂಡಿಟ್ಟ ಜಾಗ, ದಿನ, ಬಿಸಿ ನೋಡಿಕೊಳ್ಳಿ. ಹುಂಜ ಬದಲಿಸಿ ಏನೂ ಪ್ರಯೋಜನ ಇಲ್ಲ. ನೋಡಿದ ಮೇಲೆ ಗಿಡದ ಬುಡದಲ್ಲಿ ಆಳವಾಗಿ ಹೂತುಬಿಡಿ. ಒಂದು ವಾರ ಕಾವಿನಲ್ಲಿದ್ದ ಮೊಟ್ಟೆಯನ್ನು, ಖಾಲಿಯೇ ಆಗಿದ್ದರೂ, ಅಡುಗೆಗೆ ಬಳಸಬೇಡಿ. ವಾಸನೆ ಬರುತ್ತಿರುವ ಅಥವಾ ಚಿಪ್ಪಿನ ಮೇಲೆ ಹನಿ ಒಸರುತ್ತಿರುವ ಮೊಟ್ಟೆಯನ್ನು ಮಾತ್ರ ಒಡೆಯದೆ ಹಾಗೇ ಹೂಳಿ. ಅದು ಗೂಡಿನಲ್ಲೇ ಸಿಡಿದರೆ ಉಳಿದವನ್ನೂ ಕೆಡಿಸುತ್ತದೆ.

ಹದಿನಾಲ್ಕನೇ ದಿನ ಇನ್ನೊಮ್ಮೆ ಟಾರ್ಚ್ ಹಿಡಿಯಬಹುದು. ಆಗ ಗಾಳಿಯ ಜಾಗ ಬಿಟ್ಟು ಬಹುಪಾಲು ಕಪ್ಪಾಗಿರಬೇಕು. ನಡುವೆ ಬೇರೆ ಹೇಂಟೆ ಬಂದು ಅದೇ ಮಂಕರಿಯಲ್ಲಿ ಹೊಸ ಮೊಟ್ಟೆ ಇಟ್ಟು ಹೋಗಿರುತ್ತದೆ. ಪೆನ್ಸಿಲ್ ಗುರುತು ಇಲ್ಲದ ಆ ಮೊಟ್ಟೆಯನ್ನು ದಿನಾ ತೆಗೆದುಬಿಡಿ. ಹದಿನೆಂಟನೇ ದಿನದಿಂದ ಏನನ್ನೂ ಮುಟ್ಟಬೇಡಿ. ಹಳ್ಳಿಗಳಲ್ಲಿ ಆ ಹೊತ್ತಿಗೆ ಉಗುರು ಬೆಚ್ಚಗಿನ ನೀರಿನಲ್ಲಿ ಬಿಟ್ಟು, ಮೊಟ್ಟೆ ಅಲುಗಿದರೆ ಮರಿ ಬದುಕಿದೆ ಎನ್ನುತ್ತಾರೆ. ಅಲುಗುವುದು ನಿಜ. ಆದರೆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ನೀರು ಒಳಗೆ ಹೋಗಿ ಮರಿ ಸಾಯುತ್ತದೆ. ಮೇ ತಿಂಗಳ ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವ ರೂಢಿಯೂ ಇದೆ. ಇಟ್ಟರೆ ತೊಂದರೆ ಏನಿಲ್ಲ, ನಮ್ಮ ಅಮ್ಮ ಈಗಲೂ ಇಡುತ್ತಾರೆ. ಮೊಟ್ಟೆ ತಾಕಿ ಒಡೆಯದ ಹಾಗೆ ಹುಲ್ಲಿನ ಅಡಿಗೆ ಸೇರಿಸಿ.

ಇಪ್ಪತ್ತನೇ ದಿನ ಸಂಜೆ ಗೂಡಿನ ಹತ್ತಿರ ಸದ್ದಿಲ್ಲದೆ ಕೂತುಕೊಳ್ಳಿ. ಮರಿ ಗಾಳಿಯ ಜಾಗಕ್ಕೆ ಕೊಕ್ಕು ಚಾಚಿದ್ದರೆ ಚಿಪ್ಪಿನೊಳಗಿಂದಲೇ ಚಿಂವ್ ಎನ್ನುತ್ತದೆ. ಹೇಂಟೆ ಅದಕ್ಕೆ ಗಂಟಲೊಳಗೇ ಕೊರ್ ಕೊರ್ ಎಂದು ಉತ್ತರ ಕೊಡುತ್ತದೆ. ಎರಡನೇ ಸಲ ನಮ್ಮ ಕಂದು ಹೇಂಟೆಯ ಕೆಳಗೆ ಏಳನೇ ರಾತ್ರಿ ನೋಡಿ ಉಳಿಸಿದ್ದು ಒಂಬತ್ತು ಮೊಟ್ಟೆ. ಮರುದಿನ ಬೆಳಗ್ಗೆ ಆರರ ಹೊತ್ತಿಗೆ ನಾಲ್ಕು ಮರಿ ಒದ್ದೆ ಮೈಯಲ್ಲಿ ರೆಕ್ಕೆಯಡಿ ಒತ್ತಿಕೊಂಡಿದ್ದವು. ಸಂಜೆಗೆ ಎಂಟಾದವು.